ಇಸಿಜಿಯಲ್ಲಿ ಹೃದಯಾಘಾತದ ಮೊದಲ ಗುರುತುಗಳು

ಹೃದಯದ ಸ್ನಾಯುವಿನಲ್ಲಿ ಪ್ರತಿ ಬಡಿತಕ್ಕೂ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಚರ್ಮದ ಮೇಲಿಂದಲೇ ಹಿಡಿದು, ಚೌಕಳಿ ಕಾಗದದ ಮೇಲೆ ಗೆರೆಯಾಗಿ ಬರೆದುಕೊಡುವ ಪರೀಕ್ಷೆ ಇಸಿಜಿ. ಮುಂಬಯಿಯ ಹಳೆಯ ತಲೆಮಾರಿನವರು ಇಂದಿಗೂ ಕಾರ್ಡಿಯೋಗ್ರಾಮ್ ಎನ್ನುತ್ತಾರೆ. ಹೃದಯಕ್ಕೇ ರಕ್ತ ಒದಗಿಸುವ ಕರೋನರಿ ಧಮನಿಯೊಂದರ ಒಳಗೋಡೆಯಲ್ಲಿ ಕೂಡಿದ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಹೃದಯಾಘಾತವಾಗುತ್ತದೆ. ಆ ಧಮನಿಯ ಪಾಲಿನ ಸ್ನಾಯು ಕೂಡಲೇ ಸಾಯುವುದಿಲ್ಲ. ಮೊದಲು ಅದರ ವಿದ್ಯುತ್ ನಡವಳಿಕೆ ಕೆಡುತ್ತದೆ. ಸುಮಾರು 20 ನಿಮಿಷದ ಮೇಲೆ ಒಳಪದರದ ಜೀವಕೋಶಗಳು ಸಾಯತೊಡಗಿ, ಮುಂದಿನ ಕೆಲವು ಗಂಟೆಗಳಲ್ಲಿ ಹಾನಿ ಹೊರಪದರದ ಕಡೆಗೆ ಹರಡುತ್ತದೆ. ಸತ್ತ ಕೋಶಗಳಿಂದ ಸೋರುವ ಟ್ರೋಪೊನಿನ್ ರಕ್ತಪರೀಕ್ಷೆಗೆ ಸಿಗುವಷ್ಟು ಏರಲು ಗಂಟೆಗಳು ಬೇಕು. ಇಸಿಜಿ ಗೆರೆ ನಿಮಿಷಗಳಲ್ಲೇ ಬದಲಾಗುತ್ತದೆ. ಎದೆನೋವಿನ ರೋಗಿ ವೈದ್ಯರ ಕಣ್ಣಿಗೆ ಬಿದ್ದ 10 ನಿಮಿಷದೊಳಗೆ ಇಸಿಜಿ ತೆಗೆದು, ಓದಿಯೂ ಆಗಿರಬೇಕು ಎಂದು ಅಮೆರಿಕ, ಯುರೋಪುಗಳ ಹೃದ್ರೋಗ ಸಂಘಗಳ ಮಾರ್ಗಸೂಚಿಗಳು ಹೇಳುವುದು ಇದೇ ಕಾರಣಕ್ಕೆ. ಭಾರತದ ವೈದ್ಯರೂ ಅದನ್ನೇ ಒಪ್ಪಿಕೊಂಡಿದ್ದಾರೆ.

ಆದರೆ ಈ ಪರೀಕ್ಷೆಯ ಬಗ್ಗೆ ಜನರಲ್ಲಿ, ಕೆಲವೊಮ್ಮೆ ವೈದ್ಯರಲ್ಲೂ, ಒಂದು ತಪ್ಪು ನಂಬಿಕೆ ಬೇರೂರಿದೆ: ಇಸಿಜಿ ನಾರ್ಮಲ್ ಬಂದರೆ ಹೃದಯಾಘಾತವಿಲ್ಲ ಎಂಬುದು. ಒಂದು ಇಸಿಜಿ ತೋರಿಸುವುದು 10 ಸೆಕೆಂಡುಗಳ ಹೃದಯವನ್ನು ಮಾತ್ರ. ಹೆಪ್ಪು ಕರಗಿ ಮತ್ತೆ ಕಟ್ಟುತ್ತದೆ, ಧಮನಿ ತೆರೆದು ಮತ್ತೆ ಮುಚ್ಚುತ್ತದೆ, ಗೆರೆಯೂ ಅದರೊಂದಿಗೆ ಏರಿಳಿಯುತ್ತದೆ. ಆದ್ದರಿಂದ ಮೊದಲ ಗುರುತನ್ನು ಹಿಡಿಯುವ ವಿದ್ಯೆ ಮುಖ್ಯವಾಗಿ ಹೋಲಿಕೆಯ ವಿದ್ಯೆ. ಹಳೆಯ ಇಸಿಜಿ ಪಟ್ಟಿಯೊಡನೆ ಹೊಸದನ್ನು, ಕಾಲು ಗಂಟೆಯ ಹಿಂದಿನದರೊಡನೆ ಈಗಿನದನ್ನು, ಒಂದು ಲೀಡ್‌ನೊಡನೆ, ಅಂದರೆ ಹೃದಯವನ್ನು ಒಂದು ಕಡೆಯಿಂದ ನೋಡುವ ನೋಟದೊಡನೆ, ಅದರ ಎದುರಿನ ಲೀಡನ್ನು ಇಟ್ಟು ನೋಡಬೇಕು. ಈ ಲೇಖನ ಆ ವಿದ್ಯೆಯನ್ನೂ, ಮುಂಬಯಿಯ ಮಲಾಡ್‌ನಂಥ ಉಪನಗರದಲ್ಲಿ ಅದು ನಡೆಯುವ ಪರಿಸರವನ್ನೂ ಕುರಿತದ್ದು.

ಯಂತ್ರದ ಹಿನ್ನೆಲೆ

ಮನುಷ್ಯ ಹೃದಯದ ವಿದ್ಯುತ್ತನ್ನು ಮೈಮೇಲಿಂದ ಮೊದಲು ದಾಖಲಿಸಿದವನು ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಅಗಸ್ಟಸ್ ವಾಲರ್, 1887ರಲ್ಲಿ. ತನ್ನ ನಾಯಿ ಜಿಮ್ಮಿಯ ಕಾಲುಗಳನ್ನು ಉಪ್ಪುನೀರಿನಲ್ಲಿ ನಿಲ್ಲಿಸಿ ಅವನು ಸಭಿಕರಿಗೆ ಪ್ರಯೋಗ ತೋರಿಸುತ್ತಿದ್ದ. ಇದರಿಂದ ಚಿಕಿತ್ಸೆಗೆ ಉಪಯೋಗವಾದೀತೆಂದು ಅವನಿಗೇ ಹೆಚ್ಚಿನ ನಂಬಿಕೆ ಇರಲಿಲ್ಲ. ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂಥೋವನ್ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ತಂತಿ ಗ್ಯಾಲ್ವನೋಮೀಟರ್ ಕಟ್ಟಿದ ಮೇಲೆ ಸ್ಪಷ್ಟವಾದ ಗೆರೆ ಸಿಕ್ಕಿತು. ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟವನೂ ಅವನೇ. 1924ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು. ಅವನ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸಲು ಐವರು ಬೇಕಿತ್ತು, ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ರೋಗಿಗಳಿದ್ದ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ಆಚೆಯ ತನ್ನ ಪ್ರಯೋಗಾಲಯಕ್ಕೆ ಐಂಥೋವನ್ 1905ರಲ್ಲಿ ಟೆಲಿಫೋನ್ ತಂತಿಯ ಮೂಲಕ ಇಸಿಜಿ ತರಿಸಿಕೊಂಡ. ಇಂದು ತಾಲೂಕು ಆಸ್ಪತ್ರೆಯಿಂದ ಬೆಂಗಳೂರಿಗೆ ಇಸಿಜಿ ಹೋಗುವುದನ್ನು ಹೊಸ ಕ್ರಾಂತಿ ಎಂದು ಕರೆಯುವವರು ಇದನ್ನೊಮ್ಮೆ ನೆನೆಯಬಹುದು.

ಕರೋನರಿ ಧಮನಿ ಮುಚ್ಚಿಯೂ ಮನುಷ್ಯ ಬದುಕಬಹುದೆಂದು 1912ರಲ್ಲಿ ಷಿಕಾಗೊದ ಜೇಮ್ಸ್ ಹೆರಿಕ್ ವಿವರಿಸಿದ. 1920ರಲ್ಲಿ ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡೀ ಹೃದಯಾಘಾತದ ರೋಗಿಯ ಗೆರೆಯಲ್ಲಿ ಎಸ್ ಮತ್ತು ಟಿ ಅಲೆಗಳ ನಡುವಿನ ಎಸ್‌ಟಿ ಭಾಗ ಮೇಲೇರುವುದನ್ನು ಪ್ರಕಟಿಸಿದ. ಮುಂದೆ ಫ್ರಾಂಕ್ ವಿಲ್ಸನ್ ಎದೆಯ ಲೀಡ್‌ಗಳನ್ನು ಬೆಳೆಸಿದ. 1938ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಸಂಘಗಳು ವಿ1ರಿಂದ ವಿ6ರವರೆಗಿನ ಜಾಗಗಳನ್ನು ಗೊತ್ತುಮಾಡಿದವು. 1942ರಲ್ಲಿ ಇಮ್ಯಾನ್ಯುಯೆಲ್ ಗೋಲ್ಡ್‌ಬರ್ಗರ್ ಇನ್ನೂ ಮೂರು ಲೀಡ್ ಸೇರಿಸಿದಾಗ ಇಂದಿನ ಹನ್ನೆರಡು ಪೂರ್ತಿಯಾದವು. ಆಮೇಲೆ ಯಂತ್ರ ಕುಗ್ಗುತ್ತ ಹೋಯಿತು, ಲೀಡ್‌ಗಳು ಬದಲಾಗಲಿಲ್ಲ.

ಗೆರೆ ಓದುವ ಮೊದಲು

ಕಾಗದ ಸೆಕೆಂಡಿಗೆ 25 ಮಿ.ಮೀ. ವೇಗದಲ್ಲಿ ಓಡುತ್ತದೆ. ಅಡ್ಡಲಾಗಿ ಒಂದು ಸಣ್ಣ ಚೌಕ 0.04 ಸೆಕೆಂಡು, ಐದು ಸಣ್ಣ ಚೌಕಗಳ ದೊಡ್ಡ ಚೌಕ 0.2 ಸೆಕೆಂಡು. ನೆಟ್ಟಗೆ 10 ಮಿ.ಮೀ. ಎಂದರೆ ಒಂದು ಮಿಲಿವೋಲ್ಟ್. ಪಿ ಎಂಬುದು ಮೇಲಿನ ಕೋಣೆಗಳಾದ ಹೃತ್ಕರ್ಣಗಳ ಅಲೆ. ಕ್ಯೂಆರ್‌ಎಸ್ ಎಂಬ ಚೂಪು ಭಾಗ ಕೆಳಗಿನ ಹೃತ್ಕುಕ್ಷಿಗಳದ್ದು. ಟಿ ಅಲೆ ಅವು ಮತ್ತೆ ಸಜ್ಜಾಗುವುದನ್ನು ತೋರಿಸುತ್ತದೆ. ಕ್ಯೂಆರ್‌ಎಸ್ ಮುಗಿದು ಟಿ ಶುರುವಾಗುವ ನಡುವಿನ ತುಂಡೇ ಎಸ್‌ಟಿ. ಆರೋಗ್ಯವಂತನಲ್ಲಿ ಅದು ಹೆಚ್ಚುಕಡಿಮೆ ನೆಲಗೆರೆಯ ಮಟ್ಟದಲ್ಲಿರುತ್ತದೆ. ಹೃದಯಾಘಾತದ ಬಹುಪಾಲು ಮಾತುಕತೆ ಈ ಸಣ್ಣ ತುಂಡಿನ ಮೇಲೆಯೇ ನಡೆಯುತ್ತದೆ.

ಹತ್ತು ತಂತಿಗಳಿಂದ ಹನ್ನೆರಡು ನೋಟಗಳು ಸಿಗುತ್ತವೆ. ಎರಡನೇ, ಮೂರನೇ ಲೀಡ್ ಮತ್ತು ಎವಿಎಫ್ ಹೃದಯದ ತಳಭಾಗವನ್ನು ನೋಡುತ್ತವೆ. ಒಂದನೇ ಲೀಡ್, ಎವಿಎಲ್, ವಿ5, ವಿ6 ಎಡಪಕ್ಕವನ್ನು. ವಿ1ರಿಂದ ವಿ4 ನಡುಗೋಡೆ ಮತ್ತು ಮುಂಭಾಗವನ್ನು. ಹೃದಯದ ಬೆನ್ನನ್ನು ನೇರವಾಗಿ ನೋಡುವ ಲೀಡ್ ಈ ಹನ್ನೆರಡರಲ್ಲಿ ಇಲ್ಲ. ಆ ಕೊರತೆಯ ಮಾತು ಮುಂದೆ ಬರುತ್ತದೆ.

ತಂತಿ ಹಚ್ಚುವ ಕೆಲಸವನ್ನು ಸಾಮಾನ್ಯವಾಗಿ ಯಾರೂ ದೊಡ್ಡದೆಂದು ಎಣಿಸುವುದಿಲ್ಲ, ತಪ್ಪು ಶುರುವಾಗುವುದು ಅಲ್ಲೇ. ನಮ್ಮಲ್ಲಿ ಬಳಕೆಯಲ್ಲಿರುವ ಬಣ್ಣದ ಕ್ರಮದಲ್ಲಿ ಕೆಂಪು ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ, ಕಪ್ಪು ಬಲಗಾಲಿಗೆ. ಎರಡು ಕೈಯ ತಂತಿ ಅದಲುಬದಲಾದರೆ ಒಂದನೇ ಲೀಡ್ ತಲೆಕೆಳಗಾಗಿ ಹೊಸ ಕಾಯಿಲೆಯೊಂದು ಹುಟ್ಟಿದಂತೆ ಕಾಣುತ್ತದೆ. ವಿ1, ವಿ2 ನಾಲ್ಕನೆಯ ಪಕ್ಕೆಲುಬಿನ ಕೆಳಗಿನ ಸಂದಿಗೆ ಬರಬೇಕು. ಅವಸರದಲ್ಲಿ ಒಂದೆರಡು ಸಂದಿ ಮೇಲೆ ಅಂಟಿಸುವವರೇ ಹೆಚ್ಚು. ಹೆಂಗಸರಲ್ಲಿ ಸಂಕೋಚದಿಂದಾಗಿ ವಿ4 ಸ್ತನದ ಕೆಳಗೆ ಹೋಗದೆ ಮೇಲೆಯೇ ಉಳಿಯುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ, ಅದೂ ಹೃದಯಾಘಾತದ ತಣ್ಣನೆಯ ಬೆವರಿನಲ್ಲಿ, ಎದೆ ಒರೆಸದೆ ಹಚ್ಚಿದ, ತಂತಿಯ ತುದಿಯ ಬಟ್ಟಲು ನಿಲ್ಲುವುದಿಲ್ಲ, ಗೆರೆ ತೂಗಾಡುತ್ತದೆ. ತೂಗಾಟ ತಡೆಯಲೆಂದು ಯಂತ್ರದ ಫಿಲ್ಟರನ್ನು ಬಿಗಿ ಮಾಡಿದರೆ ಎಸ್‌ಟಿ ಭಾಗವೇ ತಿರುಚಿಕೊಳ್ಳುತ್ತದೆ. ಗೆರೆ ಚೆಂದ ಕಂಡಿತು, ರೋಗನಿರ್ಣಯ ಕೆಟ್ಟಿತು.

ಮೊದಲ ಗುರುತುಗಳು

ಧಮನಿ ಪೂರ್ತಿ ಮುಚ್ಚಿದ ಕೂಡಲೇ ಮೊದಲು ಮಾತಾಡುವುದು ಟಿ ಅಲೆ. ಅದು ಎತ್ತರವಾಗುತ್ತದೆ, ಅದಕ್ಕಿಂತ ಮುಖ್ಯವಾಗಿ, ಅಗಲವಾಗಿ ಉಬ್ಬುತ್ತದೆ. ತನ್ನ ಪಕ್ಕದ ಕ್ಯೂಆರ್‌ಎಸ್‌ಗಿಂತ ದೊಡ್ಡದಾಗಿ, ಅದಕ್ಕೆ ಹೊಂದದಂತೆ ಕಾಣುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದಾಗಲೂ ಟಿ ಎತ್ತರವಾಗುವುದುಂಟು. ಆದರೆ ಅಲ್ಲಿ ಅದು ಕಿರಿದಾಗಿ, ಗುಡಾರದ ತುದಿಯಂತೆ ಚೂಪಾಗಿರುತ್ತದೆ. ಈ ಉಬ್ಬಿದ ಟಿ ಕೆಲವು ನಿಮಿಷಗಳ ಮಾತು, ಆಸ್ಪತ್ರೆ ತಲುಪುವ ಹೊತ್ತಿಗೆ ದಾಟಿಹೋಗಿರುತ್ತದೆ. ಹಾಗಾಗಿ ಅದನ್ನು ನೋಡುವ ಅವಕಾಶ ಸಿಗುವುದು ಗಲ್ಲಿಯ ಡಾಕ್ಟರಿಗೆ, ಆಂಬುಲೆನ್ಸ್‌ನವರಿಗೆ. ಅದನ್ನು ಓದುವ ತರಬೇತಿ ಮಾತ್ರ ಹೆಚ್ಚಾಗಿ ಇರುವುದು ದೊಡ್ಡ ಆಸ್ಪತ್ರೆಯ ಹೃದ್ರೋಗ ವಿಭಾಗದಲ್ಲಿ. ಈ ತಲೆಕೆಳಗು ಹಂಚಿಕೆಯೇ ಮೊದಲ ಗುರುತು ತಪ್ಪಿಹೋಗಲು ದೊಡ್ಡ ಕಾರಣ ಎನ್ನಬೇಕು.

ಆಮೇಲೆ ಎಸ್‌ಟಿ ಏರುತ್ತದೆ. ಒಳಬಾಗಿದ್ದ ಅದರ ಆಕಾರ ಮೊದಲು ನೇರವಾಗಿ, ನಂತರ ಮೇಲಕ್ಕೆ ಉಬ್ಬಿ, ಕೊನೆಗೆ ಟಿ ಅಲೆಯೊಡನೆ ಒಂದಾಗುತ್ತದೆ. 2018ರ ಅಂತರರಾಷ್ಟ್ರೀಯ ವ್ಯಾಖ್ಯೆಯಂತೆ ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ ಒಂದು ಮಿ.ಮೀ. ಏರಿಕೆ ಇದ್ದರೆ ಲೆಕ್ಕಕ್ಕೆ ಬರುತ್ತದೆ. ವಿ2, ವಿ3 ಲೀಡ್‌ಗಳಿಗೆ ಮಾತ್ರ ಬೇರೆ ಅಳತೆ: 40 ದಾಟಿದ ಗಂಡಸರಲ್ಲಿ 2 ಮಿ.ಮೀ., ಅದಕ್ಕಿಂತ ಕಿರಿಯರಲ್ಲಿ 2.5, ಹೆಂಗಸರಲ್ಲಿ 1.5. ಕಿರಿಯ ಗಂಡಸರಲ್ಲಿ ಆರೋಗ್ಯವಿದ್ದಾಗಲೂ ಆ ಭಾಗ ತುಸು ಎತ್ತರ ಇರುವುದರಿಂದ ಈ ಏರ್ಪಾಡು. ಅಳತೆ ಒಳ್ಳೆಯದೇ, ಆದರೆ ರೋಗ ಮಿಲಿಮೀಟರಿನ ಗಡಿ ನೋಡಿ ಬರುವುದಿಲ್ಲ. ಅರ್ಧ ಮಿ.ಮೀ. ಏರಿಕೆ ಇದ್ದು, ಎದುರಿನ ಲೀಡ್‌ನಲ್ಲಿ ಅಷ್ಟೇ ಇಳಿಕೆ ಇದ್ದರೆ ಅನುಭವಿ ವೈದ್ಯರು ಕಾಯುವುದಿಲ್ಲ.

ಈ ಎದುರು ಇಳಿಕೆಯನ್ನು ಬಿಡಿಸಿ ಹೇಳುವುದು ಅಗತ್ಯ. ಹೃದಯದ ಒಂದು ಗೋಡೆಯಲ್ಲಿ ಎಸ್‌ಟಿ ಏರಿದಾಗ, ಅದಕ್ಕೆ ಎದುರಾಗಿ ಕೂತ ಲೀಡ್‌ನಲ್ಲಿ ಅದೇ ಘಟನೆ ತಲೆಕೆಳಗಾಗಿ ಕಾಣುತ್ತದೆ. ತಳಭಾಗದ ಹೃದಯಾಘಾತದಲ್ಲಿ ಮೂರನೇ ಲೀಡ್ ಏರಿದರೆ ಎವಿಎಲ್ ಇಳಿಯುತ್ತದೆ. ಎಷ್ಟೋ ಸಲ ಮೂರನೇ ಲೀಡ್‌ನ ಏರಿಕೆ ಕಣ್ಣಿಗೆ ಕಾಣುವ ಮೊದಲೇ ಎವಿಎಲ್‌ನಲ್ಲಿ ಟಿ ಅಲೆ ಬಾಗಿರುತ್ತದೆ, ಅದೊಂದೇ ಸುಳಿವು. ಹೃದಯದ ಹೊರಚೀಲದ ಉರಿಯೂತದಲ್ಲೂ ಎಸ್‌ಟಿ ಏರುತ್ತದೆ, ಆದರೆ ಅಲ್ಲಿ ಬಹುತೇಕ ಎಲ್ಲ ಲೀಡ್‌ಗಳೂ ಒಟ್ಟಿಗೆ ಏರುತ್ತವೆ. ಎವಿಆರ್ ಬಿಟ್ಟರೆ ಎದುರು ಇಳಿಕೆ ಸಾಮಾನ್ಯವಾಗಿ ಇರುವುದಿಲ್ಲ. ಹೃದಯಾಘಾತದಂತೆ ನಟಿಸುವ ಇತರ ಸ್ಥಿತಿಗಳನ್ನು, ಅಂದರೆ ಬಿ.ಪಿ.ಯಿಂದ ದಪ್ಪಗಾದ ಹೃತ್ಕುಕ್ಷಿ, ಯುವಕರ ಸಹಜ ಏರಿಕೆ, ಬ್ರುಗಾಡಾ ಲಕ್ಷಣ ಮುಂತಾದವನ್ನು, ಬೇರ್ಪಡಿಸಲೂ ಎದುರು ಲೀಡ್ ನೋಡುವ ಅಭ್ಯಾಸ ನೆರವಾಗುತ್ತದೆ.

ತಳಭಾಗದ ಹೃದಯಾಘಾತದಲ್ಲಿ ಇನ್ನೊಂದು ಹೆಜ್ಜೆ ಇದೆ. ಎರಡನೇ ಲೀಡ್‌ಗಿಂತ ಮೂರನೆಯದರಲ್ಲಿ ಏರಿಕೆ ಹೆಚ್ಚಿದ್ದರೆ ಬಲ ಕರೋನರಿ ಧಮನಿಯ ಮೇಲೆ ಅನುಮಾನ ಬರುತ್ತದೆ. ಆಗ ಎದೆಯ ಬಲಗಡೆಗೆ ಒಂದು ತಂತಿ ಹಚ್ಚಿ ಬಲ ಹೃತ್ಕುಕ್ಷಿಯೂ ಪೆಟ್ಟು ತಿಂದಿದೆಯೇ ಎಂದು ನೋಡಬೇಕು. ತಿಂದಿದ್ದರೆ, ಮನೆಮನೆಯಲ್ಲೂ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ ಬಿ.ಪಿ.ಯನ್ನು ಪಾತಾಳಕ್ಕೆ ಇಳಿಸಬಹುದು. ಇಸಿಜಿ ನೋಡದೆ ನೆರೆಮನೆಯವರು ಕೊಡುವ ಈ ಮಾತ್ರೆಯ ಅಪಾಯ ಇದು.

ಹೃದಯದ ಬೆನ್ನಿನ ಕಡೆ ಆಘಾತವಾದರೆ ಹನ್ನೆರಡು ಲೀಡ್‌ಗಳಲ್ಲಿ ಏರಿಕೆಯೇ ಇರದು. ವಿ1ರಿಂದ ವಿ3ರಲ್ಲಿ ಎಸ್‌ಟಿ ಇಳಿದು, ಟಿ ನೆಟ್ಟಗಿದ್ದು, ಆರ್ ಅಲೆ ದಪ್ಪಗಾಗುತ್ತದೆ. ಇಳಿಕೆ ನೋಡಿದವರು ‘ಸ್ವಲ್ಪ ರಕ್ತ ಕಮ್ಮಿ’ ಎಂದುಕೊಂಡು ಸುಮ್ಮನಾಗುತ್ತಾರೆ. ಬೆನ್ನಿಗೆ, ಎಡ ಭುಜದ ಮೂಳೆಯ ಕೆಳಗೆ, ವಿ7ರಿಂದ ವಿ9ರವರೆಗೆ ತಂತಿ ಹಚ್ಚಿದರೆ ಬಚ್ಚಿಟ್ಟ ಏರಿಕೆ ಹೊರಬರುತ್ತದೆ. ಇನ್ನು ಆರೇಳು ಲೀಡ್‌ಗಳಲ್ಲಿ ಇಳಿಕೆ, ಎವಿಆರ್ ಒಂದರಲ್ಲಿ ಏರಿಕೆ ಕಂಡರೆ ಎಡಗಡೆಯ ಮುಖ್ಯ ಧಮನಿ ಅಥವಾ ಮೂರೂ ಧಮನಿಗಳ ಕಿರಿದಾಗುವಿಕೆ ಇರಬಹುದೆಂದು ಎಚ್ಚರಗೊಳ್ಳಬೇಕು. 2008ರಲ್ಲಿ ಡಚ್ ವೈದ್ಯ ರಾಬರ್ಟ್ ಡಿ ವಿಂಟರ್ ಮತ್ತು ಸಂಗಡಿಗರು ಮತ್ತೊಂದು ಆಕಾರ ವಿವರಿಸಿದರು: ಎದೆಯ ಲೀಡ್‌ಗಳಲ್ಲಿ ಎಸ್‌ಟಿ ನೆಲಗೆರೆಗಿಂತ ಕೆಳಗೆ ಹುಟ್ಟಿ ಮೇಲೆ ಜಾರುತ್ತ ಎತ್ತರದ ಟಿ ಅಲೆಯೊಳಗೆ ಸೇರುವುದು. ಏರಿಕೆ ಇಲ್ಲದಿದ್ದರೂ ಮುಂಭಾಗದ ದೊಡ್ಡ ಧಮನಿ ಮುಚ್ಚಿರುವುದರ ಗುರುತು ಇದು. ಹೃದಯದ ವಿದ್ಯುತ್ ದಾರಿಯ ಎಡಕವಲಿನಲ್ಲಿ ತಡೆ ಇರುವವರಲ್ಲಿ ಗೆರೆಯೇ ಮೊದಲಿನಿಂದ ವಿಕಾರವಾಗಿರುವುದರಿಂದ 1996ರಲ್ಲಿ ಎಲೆನಾ ಸ್ಗಾರ್ಬೊಸ್ಸಾ ಪ್ರತ್ಯೇಕ ಸೂತ್ರ ಕೊಟ್ಟರು. ಕ್ಯೂಆರ್‌ಎಸ್ ಯಾವ ದಿಕ್ಕಿಗಿದೆಯೋ ಎಸ್‌ಟಿಯೂ ಅದೇ ದಿಕ್ಕಿಗೆ ಹೋಗಿದ್ದರೆ ಅನುಮಾನಿಸಬೇಕು ಎಂಬುದು ಅದರ ತಿರುಳು.

ಇವೆಲ್ಲದರಲ್ಲಿ ನಿಜವಾಗಿ ‘ಮುನ್ಸೂಚನೆ’ ಎನ್ನಬಹುದಾದದ್ದು ವೆಲೆನ್ಸ್ ಗುರುತು. ಅದು ಕಾಣುವುದು ನೋವು ನಿಂತ ಮೇಲೆ. ರಾತ್ರಿ ಎದೆ ಹಿಂಡಿತ್ತು, ಬೆಳಿಗ್ಗೆ ಏನೂ ಇಲ್ಲ, ಮನುಷ್ಯ ಆರಾಮವಾಗಿ ಡಾಕ್ಟರ ಮುಂದೆ ಕೂತಿದ್ದಾನೆ. ಎಸ್‌ಟಿ ಏರಿಲ್ಲ, ಟ್ರೋಪೊನಿನ್ ಅಷ್ಟೇನೂ ಏರಿರುವುದಿಲ್ಲ. ವಿ2, ವಿ3ರಲ್ಲಿ ಮಾತ್ರ ಟಿ ಅಲೆ ಮೊದಲು ಮೇಲೆ ಹೋಗಿ ಥಟ್ಟನೆ ಕೆಳಗಿಳಿದಿದೆ, ಅಥವಾ ಆಳವಾಗಿ ತಲೆಕೆಳಗಾಗಿದೆ. ಮುಚ್ಚಿದ್ದ ದೊಡ್ಡ ಧಮನಿ ತಾತ್ಕಾಲಿಕವಾಗಿ ತೆರೆದುಕೊಂಡಿದೆ ಎಂದು ಇದರರ್ಥ. ಹೈನ್ ವೆಲೆನ್ಸ್ ಅವರ ತಂಡ 1982ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಸ್ಥಿರ ಎದೆನೋವಿನ 145 ರೋಗಿಗಳ ಪೈಕಿ 26 ಮಂದಿಯಲ್ಲಿ ಈ ಗುರುತಿತ್ತು. ಅವರಲ್ಲಿ ಶಸ್ತ್ರಚಿಕಿತ್ಸೆ ಆಗದೆ ಉಳಿದ 16 ಜನರಲ್ಲಿ 12 ಮಂದಿಗೆ ಕೆಲವೇ ವಾರಗಳಲ್ಲಿ ಹೃದಯದ ಮುಂಭಾಗಕ್ಕೆ ದೊಡ್ಡ ಆಘಾತವಾಯಿತು. ಇಂಥವರನ್ನು ‘ನೋವಿಲ್ಲವಲ್ಲ, ಒಂದು ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿ’ ಎಂದು ಓಡಿಸುವುದು ಪ್ರಾಣಾಪಾಯ.

ಮಲಾಡ್‌ನ ದಾರಿ

ಮಲಾಡ್ ಪಶ್ಚಿಮ ರೈಲ್ವೆಯಲ್ಲಿ ಗೋರೆಗಾಂವ್ ಮತ್ತು ಕಾಂದಿವಲಿ ನಡುವಿನ ನಿಲ್ದಾಣ. ಹಳಿ ಊರನ್ನು ಎರಡು ಮಾಡುತ್ತದೆ. ಪೂರ್ವಕ್ಕೆ ಕುರಾರ್, ದಿಂಡೋಶಿ, ಹೆದ್ದಾರಿ, ಪಶ್ಚಿಮಕ್ಕೆ ಎಸ್.ವಿ. ರೋಡ್, ಲಿಂಕ್ ರೋಡ್, ಮೈಂಡ್‌ಸ್ಪೇಸ್‌ನ ಕಚೇರಿಗಳು, ಮಾಲ್ವಣಿ, ಆಚೆಗೆ ಮಾರ್ವೆ ಮತ್ತು ಮಢ್. ದಕ್ಷಿಣ ಕನ್ನಡ, ಉಡುಪಿಯಿಂದ ಬಂದ ಹೋಟೆಲಿನವರು, ಕಲ್ಯಾಣ ಕರ್ನಾಟಕದ ಕಟ್ಟಡ ಕೂಲಿಗಳು, ಬ್ಯಾಂಕು, ಕಚೇರಿಗಳಲ್ಲಿ ದುಡಿದು ಇಲ್ಲೇ ನೆಲೆಯಾದ ಕುಟುಂಬಗಳು ಈ ಪಟ್ಟಿಯಲ್ಲಿ ಹರಡಿಕೊಂಡಿದ್ದಾರೆ. ಇವರಲ್ಲಿ ಹೋಟೆಲ್ ಕೆಲಸಗಾರನ ದಿನಚರಿ ಹೃದ್ರೋಗದ ಅಪಾಯಗಳ ಪಟ್ಟಿಯನ್ನು ನೆನಪಿಸುತ್ತದೆ: ನಸುಕಿಗೇ ಏಳುವುದು, ನಡುರಾತ್ರಿಯವರೆಗೆ ನಿಂತೇ ಇರುವುದು, ಹೊತ್ತುಗೊತ್ತಿಲ್ಲದ ಊಟ, ಬೀಡಿ ಅಥವಾ ತಂಬಾಕು, ಪರೀಕ್ಷೆಗೇ ಒಡ್ಡದ ಸಕ್ಕರೆ.

ಎದೆಯಲ್ಲಿ ಒತ್ತಿದರೆ ಇಲ್ಲಿ ಮೊದಲು ಬರುವ ಮಾತು ‘ಏನಿಲ್ಲ ಮಾರಾಯ್ರೆ, ಗ್ಯಾಸ್ ಅಷ್ಟೆ’. ಸೋಡಾ ಕುಡಿಯುತ್ತಾರೆ, ಈನೋ ಹಾಕಿಕೊಳ್ಳುತ್ತಾರೆ, ತೇಗು ಬಂದರೆ ಗೆದ್ದಂತೆ. ಹೃದಯದ ತಳಭಾಗದ ಆಘಾತದಲ್ಲಿ ಹೊಟ್ಟೆಯ ಮೇಲ್ಭಾಗದ ಉರಿ, ವಾಕರಿಕೆ, ವಾಂತಿ ಸಾಮಾನ್ಯವಾದ್ದರಿಂದ ಈ ತಪ್ಪಿಗೆ ಆಧಾರವೂ ಇದೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ಬೆವರು ಬರಬಹುದು. ಹೊಟ್ಟೆಯ ಉರಿಯೋ ಹೃದಯದ ಉರಿಯೋ ಎಂದು ಮಾತಿನಲ್ಲಿ ತೀರ್ಮಾನಿಸಲು ಆಗದು. ಗೆರೆ ತೆಗೆಯಲೇ ಬೇಕು.

ಈ ತಡ ದೇಶದ್ದೇ ರೋಗ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡೆನಿಸ್ ಝೇವಿಯರ್ ಮತ್ತು ಸಹೋದ್ಯೋಗಿಗಳು ನಡೆಸಿದ ‘ಕ್ರಿಯೇಟ್’ ಎಂಬ ದಾಖಲಾತಿ 89 ಆಸ್ಪತ್ರೆಗಳ 20,937 ರೋಗಿಗಳನ್ನು ಒಳಗೊಂಡಿತ್ತು. 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಶೇಕಡಾ ಸುಮಾರು 60 ರೋಗಿಗಳದ್ದು ಎಸ್‌ಟಿ ಏರಿಕೆಯ ಹೃದಯಾಘಾತ. ನೋವು ಶುರುವಾದಾಗಿನಿಂದ ಆಸ್ಪತ್ರೆ ತಲುಪಲು ಹಿಡಿದ ಮಧ್ಯಮ ಅವಧಿ 360 ನಿಮಿಷ, ಅಂದರೆ ಆರು ಗಂಟೆ. ಆಸ್ಪತ್ರೆಗೆ ಬಂದ ಮೇಲೆ ಹೆಪ್ಪು ಕರಗಿಸುವ ಔಷಧ ಸಿಗಲು 50 ನಿಮಿಷ. ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 53, ಉಳಿದ ದೇಶಗಳವರಲ್ಲಿ 58.8. ನಮ್ಮವರು ಬೇಗ ಬೀಳುತ್ತಾರೆ, ತಡವಾಗಿ ಬರುತ್ತಾರೆ.

ಮಢ್‌ನ ಮೀನುಗಾರರ ಕೇರಿಯಿಂದ ಮಲಾಡ್‌ಗೆ ರಸ್ತೆಯಲ್ಲಿ ಬರಬೇಕೆಂದರೆ ಮಾರ್ವೆ ರಸ್ತೆಯೊಂದೇ ಗತಿ. ವರ್ಸೋವಾ ಕಡೆಗೆ ದೋಣಿಯಿದೆ. ಉಳಿದ ಮಲಾಡ್‌ಗೆ ಆಸ್ಪತ್ರೆ ದೂರವೇನಲ್ಲ. ಮಲಾಡ್ ಪೂರ್ವದಲ್ಲಿ ಮಹಾನಗರ ಪಾಲಿಕೆಯ ಎಸ್.ಕೆ. ಪಾಟೀಲ್ ಮತ್ತು ಎಂ.ಡಬ್ಲ್ಯೂ. ದೇಸಾಯಿ ಆಸ್ಪತ್ರೆಗಳಿವೆ. ಕಾಂದಿವಲಿಯಲ್ಲಿ ಜನ ಶತಾಬ್ದಿ ಎಂದೇ ಕರೆಯುವ ಬಾಬಾಸಾಹೇಬ್ ಅಂಬೇಡ್ಕರ್ ಆಸ್ಪತ್ರೆ, ಜುಹುವಿನಲ್ಲಿ ಕೂಪರ್, ದೂರದ ಪರೇಲ್‌ನಲ್ಲಿ 1926ರಿಂದ ಇರುವ ಕೆ.ಇ.ಎಂ. ಇವೆ. ವಿಲೆ ಪಾರ್ಲೆಯ ನಾನಾವತಿ, ಅಂಧೇರಿಯ ಕೋಕಿಲಾಬೆನ್‌ನಂಥ ದೊಡ್ಡ ಖಾಸಗಿ ಆಸ್ಪತ್ರೆಗಳೂ ಇವೆ. ಮಹಾರಾಷ್ಟ್ರದಲ್ಲಿ 2014ರಿಂದ 108 ಆಂಬುಲೆನ್ಸ್ ಓಡುತ್ತಿದೆ. ಹಾಗಿದ್ದೂ ಜನ ಹೆಚ್ಚಾಗಿ ಬರುವುದು ರಿಕ್ಷಾದಲ್ಲಿ. ರಿಕ್ಷಾದಲ್ಲಿ ಇಸಿಜಿಯೂ ಇಲ್ಲ, ಹೃದಯ ತಾಳ ತಪ್ಪಿದರೆ ಶಾಕ್ ಕೊಡುವ ಯಂತ್ರವೂ ಇಲ್ಲ.

ಎಸ್‌ಟಿ ಏರಿಕೆ ಕಂಡ ಮೇಲಿನ ನಿಯಮ ಕಿಲೋಮೀಟರಿನದ್ದಲ್ಲ. 120 ನಿಮಿಷದೊಳಗೆ ಬಲೂನಿನಿಂದ ಧಮನಿ ತೆರೆಯುವ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅದೇ ಉತ್ತಮ. ಆಗದಿದ್ದರೆ ಹೆಪ್ಪು ಕರಗಿಸುವ ಔಷಧ ಇದ್ದಲ್ಲೇ ಕೊಟ್ಟು ಮುಂದೆ ಕಳಿಸಬೇಕು. ಸ್ಟ್ರೆಪ್ಟೊಕೈನೇಸ್ ಅಗ್ಗ, ಒಂದು ಗಂಟೆ ಹನಿಸಬೇಕು. ಟೆನೆಕ್ಟೆಪ್ಲೇಸ್ ದುಬಾರಿ, ಒಂದೇ ಚುಚ್ಚಿನಲ್ಲಿ ಮುಗಿಯುತ್ತದೆ. ಸಂಜೆ ಏಳರ ಹೆದ್ದಾರಿಯ ವಾಹನದಟ್ಟಣೆಯಲ್ಲಿ ಮಲಾಡ್‌ನಿಂದ ಪರೇಲ್ ಎಷ್ಟು ನಿಮಿಷ ಎಂದು ಯಾರೂ ಆಣೆ ಹಾಕಿ ಹೇಳಲಾರರು. ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್ ಲ್ಯಾಬ್ ಇಲ್ಲದ ನರ್ಸಿಂಗ್ ಹೋಮಿಗೆ ಮೊದಲು ಹೋಗಿ, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿ ಡಿಪಾಜಿಟ್ ಹೊಂದಿಸುವುದಕ್ಕೆ ಎಂದು ಮುಕ್ಕಾಲು ಗಂಟೆ ಸುಲಭವಾಗಿ ಕರಗುತ್ತದೆ. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಹೃದಯದ ಚಿಕಿತ್ಸೆಗೆ ನೆರವಿದೆ. ರೇಷನ್ ಕಾರ್ಡನ್ನು ಊರಲ್ಲೇ ಬಿಟ್ಟು ಬಂದ ಕನ್ನಡದ ಕೂಲಿಯವನಿಗೆ ಅದು ಕೈಗೆಟಕುವುದು ಕಷ್ಟ. ಉಪನಗರದಲ್ಲಿ ಕೊರತೆ ಯಂತ್ರಗಳದ್ದಲ್ಲ; ಮೊದಲ ಗೆರೆ ತೆಗೆಯುವ ಮುಂಚಿನ ಗಂಟೆಗಳದ್ದು, ಆಮೇಲೆ ಸರಿಯಾದ ಬಾಗಿಲದ್ದು.

ಈ ಮಟ್ಟದಲ್ಲಿ ಗಲ್ಲಿಯ ಫ್ಯಾಮಿಲಿ ಡಾಕ್ಟರ್ ಮುಖ್ಯರಾಗುತ್ತಾರೆ. ಬಿಪಿಎಲ್ ಕಂಪನಿಯ ಕಾರ್ಡಿಯಾರ್ಟ್‌ನಂಥ ಸಣ್ಣ ಯಂತ್ರ ಎಷ್ಟೋ ದವಾಖಾನೆಗಳ ಮೂಲೆಯಲ್ಲಿ ಇರುತ್ತದೆ. ಮೊದಲ ಪಟ್ಟಿ ಸ್ಪಷ್ಟವಿಲ್ಲದೆ ನೋವು ಮುಂದುವರಿದಿದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು, ಎದೆಯ ಬಟ್ಟಲುಗಳ ಜಾಗ ಬದಲಿಸದೆ. ಅನುಮಾನ ಗಟ್ಟಿಯಾದರೆ, ಆಸ್ಪಿರಿನ್ ಒಗ್ಗದವರಲ್ಲದಿದ್ದರೆ, 300 ಮಿ.ಗ್ರಾಂ. ಆಸ್ಪಿರಿನ್ ಅಗಿಸಿ, ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆಗೆ ಫೋನ್ ಮಾಡಿ, ಇಸಿಜಿಯ ಫೋಟೊ ಮುಂಚಿತವಾಗಿ ಕಳಿಸುವುದು ಕ್ರಮ. ಫೋಟೊದಲ್ಲಿ ಹನ್ನೆರಡೂ ಲೀಡ್, ತೆಗೆದ ಹೊತ್ತು, ರೋಗಿಯ ಹೆಸರು ಕಾಣಬೇಕು.

ಊರಿನ ಕಡೆಯ ಪ್ರಯೋಗಗಳು

ಮಲಾಡ್‌ನ ಹೋಟೆಲಿನವರು ಬಿಟ್ಟುಬಂದ ಕರಾವಳಿಯಲ್ಲೇ ಈ ಕೆಲಸದ ಒಳ್ಳೆಯ ಮಾದರಿ ಬೆಳೆದಿದೆ. ಮಂಗಳೂರಿನ ಕೆ.ಎಂ.ಸಿ. ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಹೆಸರಿನಲ್ಲಿ ಹಳ್ಳಿಯ ವೈದ್ಯರನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಸೇರಿಸಿದರು. ದೂರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ದಾನಿಗಳ ನೆರವಿನಿಂದ ಇಸಿಜಿ ಯಂತ್ರ ಮುಟ್ಟಿಸಿದರು. ಪಟ್ಟಿಯ ಫೋಟೊ ಗುಂಪಿಗೆ ಬಿದ್ದರೆ ತಜ್ಞರು ಓದಿ ಮುಂದಿನ ಹೆಜ್ಜೆ ಹೇಳುತ್ತಾರೆ. ಬೆಂಗಳೂರಿನ ಟ್ರೈಕಾಗ್ ಕಂಪನಿ ಇದೇ ಕೆಲಸವನ್ನು ಕಂಪ್ಯೂಟರ್ ಓದು ಮತ್ತು ವೈದ್ಯರ ಪರಿಶೀಲನೆ ಎರಡನ್ನೂ ಸೇರಿಸಿ ವ್ಯಾಪಾರವಾಗಿ ನಡೆಸುತ್ತದೆ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿಗೆ ಹೃದಯ ಸ್ತಂಭಿಸಿ ತೀರಿಕೊಂಡ ಮೇಲೆ ಕರ್ನಾಟಕದಲ್ಲಿ ಹೃದಯದ ಬಗ್ಗೆ ಮಾತು ಬದಲಾಯಿತು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯಜ್ಯೋತಿ ಯೋಜನೆ ತಂದಿತು. ತಾಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಕೆಲವು ನಿಮಿಷಗಳಲ್ಲಿ ಓದಿಸಿಕೊಂಡು, ಹೃದಯಾಘಾತ ಖಚಿತವಾದರೆ ಟೆನೆಕ್ಟೆಪ್ಲೇಸ್ ಉಚಿತವಾಗಿ ಚುಚ್ಚಿ, ರೋಗಿಯನ್ನು ಜಯದೇವ ಹೃದ್ರೋಗ ಸಂಸ್ಥೆ ಮುಂತಾದ ಕೇಂದ್ರ ಆಸ್ಪತ್ರೆಗೆ ಕಳಿಸುವುದು ಅದರ ಕ್ರಮ. ಓದುವವರನ್ನು ರೋಗಿಯ ಹತ್ತಿರ ತರುವ ಈ ಏರ್ಪಾಡು ಹೊಸ ಕಟ್ಟಡ ಕಟ್ಟುವುದಕ್ಕಿಂತ ಎಷ್ಟೋ ಮೇಲು.

ಅದೇ ಮಾತು ಬದಲಾದದ್ದರ ಇನ್ನೊಂದು ಮುಖ 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಕಂಡಿತು. ಯಾವ ನೋವೂ ಇಲ್ಲದ ಜನ ಇಸಿಜಿಗಾಗಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳಿಗೆ ಮುಗಿಬಿದ್ದರು. ಲಕ್ಷಣವಿಲ್ಲದ ಹೊತ್ತಿನಲ್ಲಿ ತೆಗೆದ ಇಸಿಜಿ ನಾಳೆ ಯಾವ ಕೊಬ್ಬಿನ ಪದರ ಬಿರಿಯುತ್ತದೆಂದು ಹೇಳಲಾರದು. ಅದರಿಂದ ಸಿಗುವ ಲಾಭ ಬೇರೆ: ಮುಂದೊಂದು ದಿನ ನೋವು ಬಂದಾಗ ಹೋಲಿಸಲು ಹಳೆಯ ಗೆರೆಯೊಂದು ಇರುತ್ತದೆ. ಆದರೆ ಇಸಿಜಿ ಕಾಗದ ಶಾಖಕ್ಕೆ ಕಪ್ಪಾಗುವ ಬಗೆಯದು, ಮುಂಬಯಿಯ ಸೆಕೆಗೆ, ಪ್ಲಾಸ್ಟಿಕ್ ಹಾಳೆಯ ಸಂಪರ್ಕಕ್ಕೆ ಕ್ರಮೇಣ ಮಸುಕಾಗುತ್ತದೆ. ಝೆರಾಕ್ಸ್ ಅಥವಾ ಮೊಬೈಲಿನ ಫೋಟೊ ಬಾಳಿಕೆ ಬರುತ್ತದೆ.

ಈಚೆಗೆ ಕೈಗಡಿಯಾರಗಳೂ ಇಸಿಜಿ ತೆಗೆಯುತ್ತವೆ. ಅವು ಕೊಡುವುದು ಒಂದೇ ಲೀಡ್. ತಾಳ ತಪ್ಪಿದ ಬಡಿತ ಹಿಡಿಯಲು ಅಷ್ಟು ಸಾಕು, ಎದುರು ಲೀಡ್ ನೋಡಬೇಕಾದ ಹೃದಯಾಘಾತಕ್ಕೆ ಸಾಲದು. ಆಪಲ್ ಕಂಪನಿಯೇ ತನ್ನ ಗಡಿಯಾರ ಹೃದಯಾಘಾತ ಪತ್ತೆಮಾಡದು ಎಂದು ತಿಳಿಸುತ್ತದೆ.

ಚಿಕಿತ್ಸೆಯ ನಂತರ

ಔಷಧ ಕೊಟ್ಟ ಮೇಲೂ ಇಸಿಜಿಯ ಕೆಲಸ ಮುಗಿಯುವುದಿಲ್ಲ. 60ರಿಂದ 90 ನಿಮಿಷದಲ್ಲಿ ಎಸ್‌ಟಿ ಏರಿಕೆ ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ ಧಮನಿ ತೆರೆದಿದೆ ಎಂದು ತಿಳಿಯಬಹುದು; ಇಳಿಯದಿದ್ದರೆ ಕೂಡಲೇ ಆಂಜಿಯೋಪ್ಲಾಸ್ಟಿಗೆ ಒಯ್ಯಬೇಕು. ದಿನಗಳು ಕಳೆದಂತೆ ಟಿ ತಲೆಕೆಳಗಾಗುತ್ತದೆ. ಸ್ನಾಯು ಸತ್ತ ಜಾಗದಲ್ಲಿ ಅಗಲವಾದ ಕ್ಯೂ ಅಲೆ ಉಳಿಯುತ್ತದೆ, ಹೆಚ್ಚಿನವರಲ್ಲಿ ಜೀವನಪೂರ್ತಿ. ಕೆಲವರಲ್ಲಿ ತೆಳ್ಳಗಾದ ಗೋಡೆ ಉಬ್ಬಿಕೊಂಡು ಎಸ್‌ಟಿ ಏರಿಕೆ ಶಾಶ್ವತವಾಗಿ ಉಳಿಯುವುದೂ ಉಂಟು. ಅಂಥವರು ಮುಂದೆ ಊರಿಗೆ ಹೋದಾಗ ಕುಂದಾಪುರದಲ್ಲೋ ಕಾರ್ಕಳದಲ್ಲೋ ಬೇರೆ ಕಾರಣಕ್ಕೆ ಇಸಿಜಿ ತೆಗೆಸಿದರೆ, ಹಳೆಯದು ಕೈಯಲ್ಲಿಲ್ಲದ ಡಾಕ್ಟರು ಹೊಸ ಹೃದಯಾಘಾತವೆಂದೇ ತಿಳಿದು ಹೆಪ್ಪು ಕರಗಿಸುವ ಔಷಧ ಕೊಟ್ಟುಬಿಡಬಹುದು. ಮಿದುಳಿನಲ್ಲಿ ರಕ್ತಸ್ರಾವ ಆ ಔಷಧದ ಅಪರೂಪದ, ಆದರೆ ಘೋರವಾದ ಅಡ್ಡಪರಿಣಾಮ. ಬಿಡುಗಡೆಯ ದಿನದ ಇಸಿಜಿ ಕಡತದಲ್ಲಿ ಇರಬೇಕಾದ್ದು ಇದಕ್ಕಾಗಿ. ಇರದಿದ್ದರೆ ರೋಗಿಯೋ ಮನೆಯವರೋ ಕೇಳಿ ಪಡೆಯಬಹುದು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು.